ಸಾಗರದ ಡಾಕ್ಟ್ರು ಹೇಳಿದ್ದು

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗ ನಾನು ಹೊಸನಗರ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಯಿ ಯಾರದ್ದೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ, ನೌಕರಿಯ ಬಹುಪಾಲು ಕಳೆದದ್ದು ಈ ಸುತ್ತಿನಲ್ಲೇ. ಜನರ ಬಾಯಲ್ಲಿ ನಾನು ‘ದನದ ಡಾಕ್ಟ್ರಮ್ಮ’. ಕಷ್ಟದ ಹೆರಿಗೆ, ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಇಷ್ಟೇ ನನ್ನ ಪ್ರಪಂಚ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸುವುದು ಬಿಟ್ಟರೆ ನಾಯಿ ಹಿಡಿದುಕೊಂಡು ನನ್ನ ಹತ್ತಿರ ಯಾರೂ ಬರುತ್ತಿರಲಿಲ್ಲ.

ದೊಡ್ಡ ತಳಿಯ ನಾಯಿ ಸಾಕುವ ಶೋಕಿ ನಮ್ಮ ಕಡೆಗೂ ಹಬ್ಬಿದ ಹೊತ್ತಿಗೆ ಸರಿಯಾಗಿ ಡಾ. ಸುಹಾಸ್ ಎಂಬ ಹುಡುಗ ಸಾಗರದಲ್ಲಿ ಪೆಟ್ ಕ್ಲಿನಿಕ್ ತೆರೆದ. ಗಾಜಿನ ಬಾಗಿಲು, ಎ.ಸಿ., ಗೋಡೆಯ ಮೇಲೆ ನಾಯಿಮರಿಗಳ ಬಣ್ಣದ ಚಿತ್ರ. ವಾರಕ್ಕೊಂದು ವಿಡಿಯೊ ಮಾಡಿ ಮೊಬೈಲಿಗೆ ಬಿಡುತ್ತಿದ್ದ. ನಾನು ಎಷ್ಟೋ ಕೊಟ್ಟಿಗೆಗಳಲ್ಲಿ ಸಗಣಿಯ ಮೇಲೆ ಮಗ್ಗುಲಾಗಿ ಮಲಗಿ ಕರು ಎಳೆದಿದ್ದೇನೆ, ಒಬ್ಬರಾದರೂ ವಿಡಿಯೊ ಮಾಡಿದ್ದಾರೆಯೇ? ನನ್ನ ಹೊಟ್ಟೆ ಉರಿಯುತ್ತಿತ್ತು. ಇದನ್ನು ನಯವಾಗಿ ಹೇಳುವ ಬಗೆ ನನಗೆ ತಿಳಿದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನ ಪಾಡು ಅದಕ್ಕಿಂತ ಕಡೆ; ಹಿತ್ತಲ ಗಿಡದ ಮೇಲೆ ಒಗೆದ ಬಟ್ಟೆಯನ್ನೂ ಹರವುತ್ತಿದ್ದರು. ನನ್ನ ಎದುರಿಗೇ ಹಸುವಿನ ಕಿವಿ ಹಿಡಿದುಕೊಂಡು ‘ಸಾಗರದ ಡಾಕ್ಟ್ರು ಏನು ಚೆನ್ನಾಗಿ ಮಾತಾಡ್ತಾರೆ ಮೇಡಮ್ರೆ’ ಎನ್ನುತ್ತಿದ್ದರು.

ನಮ್ಮೂರಿನ ಕೃಷ್ಣಪ್ಪನಿಗೆ ಜಮೀನಿನ ಜೊತೆ ಒಂದು ಜೆಸಿಬಿಯೂ ಇತ್ತು. ಅವನ ಬಾಳೆಗೆ ಮಂಗಗಳ ಕಾಟ. ಪಿಟ್ ಬುಲ್ ಇರುವ ಮನೆಯ ಕಡೆ ಮಂಗ ತಲೆಹಾಕುವುದಿಲ್ಲ ಎಂದು ಯಾರೋ ತಲೆ ತುಂಬಿದರು. ದೂರದಿಂದ ಒಂದು ಗಂಡುನಾಯಿ ತರಿಸಿ ಭೀಮ ಎಂದು ಹೆಸರಿಟ್ಟ. ಮಂಗಗಳು ಹಲಸಿನ ಮರದಲ್ಲಿ ಕೂತು ಬಾಳೆಹಣ್ಣಿನ ಸಿಪ್ಪೆಯನ್ನು ಅದರ ಮೇಲೆಯೇ ಎಸೆದವು. ಭೀಮ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತಿತ್ತು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಂಬಿದವರು, ಬೊಗಳದ ನಾಯಿಯ ವಿಷಯದಲ್ಲಿ ಗಾದೆ ಏನನ್ನೂ ಹೇಳಿಲ್ಲ ಎಂಬುದನ್ನು ಮರೆಯುತ್ತಾರೆ. ಹಗಲಿಡೀ ಅದನ್ನು ಶೆಡ್ಡಿನಲ್ಲಿ ಸರಪಳಿ ಹಾಕಿ ಕಟ್ಟುತ್ತಿದ್ದರು.

ಒಂದು ಭಾನುವಾರ ಸರಪಳಿಯ ಕೊಂಡಿ ಬಿಟ್ಟುಕೊಂಡಿತು. ಪಕ್ಕದ ಮನೆಯ ಸವಿತಾಳ ಮಗ ದರ್ಶನ್, ಏಳನೇ ಕ್ಲಾಸಿನ ಹುಡುಗ, ಅಂಗಡಿಗೆ ಹೋಗುತ್ತಿದ್ದ. ಭೀಮ ಅವನ ಕೆನ್ನೆಗೆ ಬಾಯಿ ಹಾಕಿತು. ಕೃಷ್ಣಪ್ಪನ ಫೋನಿಗೆ ನಾನು ಓಡಿದಾಗ ಗಾಯಕ್ಕೆ ಅರಿಶಿನ ಮೆತ್ತಲು ತಯಾರಿ ನಡೆದಿತ್ತು. ಅದನ್ನು ತಡೆದು, ಹುಡುಗನನ್ನು ನಲ್ಲಿಯ ಕೆಳಗೆ ಕೂರಿಸಿ, ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿದೆ. ನಾಯಿ ಕಚ್ಚಿದಾಗ ಮೊದಲ ಔಷಧ ಇದೇ. ಆಮೇಲೆ ಲಸಿಕೆಗೆ, ಹೊಲಿಗೆಗೆ ಶಿವಮೊಗ್ಗಕ್ಕೆ ಕಳಿಸಿದೆವು.

ಜನ ದೊಣ್ಣೆ ಹಿಡಿದು ಸೇರಿದ್ದರು. ನಾಯಿಯನ್ನು ಕೊಲ್ಲಬಾರದು, ಕಟ್ಟಿಟ್ಟು ಹತ್ತು ದಿನ ನೋಡಬೇಕು, ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿಗೆ ಅದಕ್ಕೆ ರೇಬೀಸ್ ಇರಲಿಲ್ಲ ಎಂದು ಖಾತ್ರಿಯಾಗುತ್ತದೆ ಎಂದು ವಿವರಿಸಿದೆ. ಸವಿತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು: “ಅದು ಸರಿ ಮೇಡಮ್ರೆ. ನನ್ನ ಮಗಳು ದಿನಾ ಇದೇ ದಾರೀಲಿ ಡೈರಿಗೆ ಹಾಲು ತಗೊಂಡು ಹೋಗೂದು. ಹನ್ನೊಂದನೇ ದಿನ ಎಂತ ಮಾಡೂದು ಹೇಳಿ?”

ಮಗಳು ಸಿಂಚನಾ ಮೂರನೇ ಕ್ಲಾಸು. ಹಾಲಿನ ಕ್ಯಾನು ಅವಳ ಮೊಣಕಾಲಿಗೆ ತಾಗುತ್ತಿತ್ತು. ಆ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕೆಲಸ ಎಂದುಕೊಂಡು ಎರಡು ದಿನ ಕೂತು ಓದಿ, ಶಾಲೆಯಲ್ಲಿ ಏನೇನು ಮಾತಾಡಬೇಕು ಎಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ. ಹೆಡ್‌ಮಾಸ್ಟರ ಫೋನೂ ಬಂತು.

“ಮಕ್ಕಳಿಗೆ ನಾಯಿ ಬಗ್ಗೆ ಒಂದು ಕಾರ್ಯಕ್ರಮ ಇಟ್ಕೊಂಡಿದೀವಿ ಮೇಡಮ್. ಸಾಗರದಿಂದ ಡಾಕ್ಟರ್ ಸುಹಾಸ್ ಬರ್ತಿದಾರೆ. ನೀವೂ ಬಂದ್ಬಿಡಿ, ಎದುರಿಗೇ ಒಂದು ಕುರ್ಚಿ ಹಾಕಿಸ್ತೀನಿ.”

ಹೋದೆ. ಹೋಗದಿದ್ದರೆ ಹೊಟ್ಟೆಕಿಚ್ಚು ಎಂದು ಜನ ಆಡಿಕೊಳ್ಳುತ್ತಾರಲ್ಲ! ಸುಹಾಸ್ ಒಂದು ಲ್ಯಾಬ್ರಡಾರ್ ನಾಯಿಯನ್ನು ಜೊತೆಗೆ ಕರೆತಂದಿದ್ದ. ನಾನು ಎದುರಿನ ಕುರ್ಚಿಯಲ್ಲಿ ಕೂತು ಅವನು ಎಲ್ಲಿ ತಪ್ಪುತ್ತಾನೋ ಎಂದು ಬೆಕ್ಕು ಇಲಿಬಿಲ ಕಾದಂತೆ ಕಾದೆ. ಅವನು ತಪ್ಪಲಿಲ್ಲ. ಕಟ್ಟಿದ ನಾಯಿ, ಉಣ್ಣುವ ನಾಯಿ, ಮಲಗಿದ ನಾಯಿ, ಮರಿ ಹಾಕಿದ ನಾಯಿ, ಇವುಗಳ ಹತ್ತಿರ ಹೋಗಬೇಡಿ ಎಂದ. ಓಡಬೇಡಿ, ಕಿರುಚಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ ಎಂದ. ಮನೆಯದೇ ನಾಯಿಯಾದರೂ ಪುಟ್ಟ ಮಕ್ಕಳನ್ನು ಅದರ ಜೊತೆ ಬಿಟ್ಟು ದೊಡ್ಡವರು ಒಳಗೆ ಹೋಗಬಾರದು ಎಂದು ತಾಯಂದಿರಿಗೂ ಹೇಳಿದ. ನಾನು ಸಿದ್ಧ ಮಾಡಿಕೊಂಡಿದ್ದೆಲ್ಲ ಅದೇ. ನನಗಿಂತ ಚೆನ್ನಾಗಿ ಹೇಳಿದ, ಅದು ಇನ್ನೂ ಸಂಕಟ. ಕೊನೆಗೆ “ದೊಡ್ಡ ನಾಯಿ ಬಂದ್ರೆ?” ಎಂದು ಕೇಳಿದ. “ಓಡಬಾರ್ದು!” ಎಂದು ಮಕ್ಕಳು ಸೂರು ಹಾರುವಂತೆ ಕೂಗಿದರು.

ಬಿಸಿಯೂಟದ ಗಂಟೆ ಹೊಡೆಯಿತು. ಅನ್ನದ ವಾಸನೆಗೆ ದಿನಾ ಬರುವ ಬೀದಿನಾಯಿ ಅಂಗಳಕ್ಕೆ ಬಂತು. ಒಂದು ಮಗುವೂ ಓಡಲಿಲ್ಲ. ಅಷ್ಟೂ ಮಕ್ಕಳು “ಹಚಾ!” ಎನ್ನುತ್ತ ಕಲ್ಲು ಹೆಕ್ಕುವವರ ಹಾಗೆ ನೆಲಕ್ಕೆ ಬಗ್ಗಿದರು. ನಾಯಿ ಬಾಲ ಮಡಚಿಕೊಂಡು ಗೇಟು ದಾಟಿತು. ಹೆಡ್‌ಮಾಸ್ಟರು ನಕ್ಕರು, ಸುಹಾಸ್ ಲ್ಯಾಬ್ರಡಾರಿಗೆ ನೀರು ಕುಡಿಸುತ್ತಿದ್ದ. ಅವನ ಕಾರ್ಯಕ್ರಮದಲ್ಲಿ ಕಲ್ಲು ಹುಡುಕುತ್ತ ಕೂತ ನನಗೊಬ್ಬಳಿಗೆ ಅದು ಕಂಡಿತು.

ನಮ್ಮ ಕಡೆ ಮಾತು ಬರುವ ಮೊದಲೇ ಮಕ್ಕಳು ಇದನ್ನು ಕಲಿಯುತ್ತವೆ. ನಾಯಿ ಬಂದರೆ ಬಗ್ಗು, ಕೈಯಲ್ಲಿ ಕಲ್ಲಿಲ್ಲದಿದ್ದರೂ ಇದ್ದ ಹಾಗೆ ಮಾಡು. ಕಲ್ಲೇಟು ತಿಂದು ಬೆಳೆದ ಬೀದಿನಾಯಿಗೆ ಅದರ ಅರ್ಥ ಗೊತ್ತು. ಭೀಮ ಹುಟ್ಟಿದ್ದು ಯಾವುದೋ ಗೂಡಿನಲ್ಲಿ, ಅದಕ್ಕೆ ಯಾರೂ ಕಲ್ಲು ಎಸೆದಿರಲಿಲ್ಲ. ಅದರ ಪಾಲಿಗೆ ಬಗ್ಗಿದ ಹುಡುಗನೆಂದರೆ ತನ್ನ ಬಾಯಿಯ ಮಟ್ಟಕ್ಕೆ ದಿಢೀರನೆ ಇಳಿದು ಬಂದ ಒಂದು ಮುಖ, ಅಷ್ಟೇ. ದರ್ಶನ್ ನನ್ನ ಭುಜದೆತ್ತರ ಇದ್ದ. ನಿಂತೇ ಇದ್ದಿದ್ದರೆ ಹಲ್ಲು ಕಾಲಿಗೋ ಕೈಗೋ ನಾಟುವ ಸಂಭವ ಹೆಚ್ಚಿತ್ತು.

ಸಂಜೆ ಹೋಗಿ ಅವನನ್ನೇ ಕೇಳಿದೆ, ಓಡಿದೆಯಾ ಎಂದು. ಬ್ಯಾಂಡೇಜಿನ ಸಂದಿಯಿಂದ ಅವನು ಹೇಳಿದ: “ಇಲ್ಲ ಮೇಡಮ್. ಬಗ್ಗಿದ್ದೆ. ಕಲ್ಲು ಸಿಕ್ಕಿರ್ಲಿಲ್ಲ.”

ಆಗ ನನಗಾದ ಖುಷಿ ಒಳ್ಳೆಯ ಜಾತಿಯದ್ದಲ್ಲ. ಆ ಎ.ಸಿ. ಡಾಕ್ಟರಿಗೆ ಹೊಳೆಯದ್ದು ನನಗೆ ಹೊಳೆದಿತ್ತು. ಮರುದಿನವೇ ಶಾಲೆಗೆ ಹೋಗಿ ಮಕ್ಕಳೆದುರು ನಿಂತು, ನಾಯಿ ಬಂದರೆ ಬಗ್ಗಬೇಡಿ ಎಂದು ಹೇಳಿದೆ. ಮಕ್ಕಳು ಆಕಳಿಸಿದರು. ಒಬ್ಬ “ಲ್ಯಾಬ್ರಡಾರ್ ತಂದಿಲ್ವಾ ಮೇಡಮ್?” ಎಂದ. ಹೊರಗೆ ಬರುವಾಗ ಸಿಂಚನಾ ಗೇಟಿನ ಬಳಿ ಅದೇ ಬೀದಿನಾಯಿಗೆ ಬಗ್ಗುತ್ತಿದ್ದಳು.

ಹನ್ನೊಂದನೇ ದಿನ ಹತ್ತಿರ ಬರುತ್ತಿತ್ತು. ಮೊಬೈಲು ತೆಗೆದು ಸುಹಾಸ್‌ನ ನಂಬರು ಒತ್ತಿದೆ. ಹಲ್ಲು ಕೀಳಿಸಿಕೊಂಡಾಗಲೂ ಅಷ್ಟು ನೋವಾಗಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

“ನಂಗಿದು ಹೊಳೀಲೇ ಇಲ್ಲ ಮೇಡಮ್. ನಾಡಿದ್ದೇ ಬರ್ತೀನಿ. ಬಗ್ಗೋ ಬದಲು ಏನು ಮಾಡಿಸಣ?”

“ಬೆಳಗ್ಗೆ ಪ್ರಾರ್ಥನೆಗೆ ಸಾವಧಾನ್ ನಿಲ್ತಾವಲ್ಲ, ಹಂಗೆ ನಿಲ್ಲಿಸಿ. ಅದು ದಿನಾ ಅಭ್ಯಾಸ ಆಗಿರೂದೇ.”

ಬಂದ. ಲ್ಯಾಬ್ರಡಾರನ್ನು ನಡೆಸಿಕೊಂಡು ಸಾಲಿನ ನಡುವೆ ಹೋದ, ಮಕ್ಕಳು ನೆಟ್ಟಗೆ ನಿಂತರು, ಬಗ್ಗಿದವರು ಔಟ್. ಆಟದ ಹಾಗೆ ಮತ್ತೆ ಮತ್ತೆ ಮಾಡಿಸಿದ. “ಇದನ್ನ ಕಂಡುಹಿಡಿದಿದ್ದು ನಿಮ್ಮ ಡಾಕ್ಟ್ರಮ್ಮ” ಎಂದು ಕೊನೆಯಲ್ಲಿ ಹೇಳಿದ ಕೂಡ. ಆ ಹೊತ್ತಿಗೆ ಮಕ್ಕಳೆಲ್ಲ ನಾಯಿಯ ಬೆನ್ನು ಸವರಲು ಮುಗಿಬಿದ್ದಿದ್ದರು, ಯಾರ ಕಿವಿಗೂ ಬೀಳಲಿಲ್ಲ. ಬೈಯಲು ಒಂದು ಕಾರಣವನ್ನೂ ಕೊಡದ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬರುತ್ತದೆ ಎಂಬುದು ಅಂದು ಗೊತ್ತಾಯಿತು.

ಹತ್ತು ದಿನ ಕಳೆದರೂ ಭೀಮ ಆರೋಗ್ಯವಾಗಿತ್ತು. ನಾನು ಹೇಳಿದಂತೆ ಕೃಷ್ಣಪ್ಪ ಸರಪಳಿ ಬಿಚ್ಚಿ, ಬಲೆ ಹೊಡೆದ ದೊಡ್ಡ ಗೂಡು ಕಟ್ಟಿಸಿದ. ಅದಕ್ಕೆ ಎರಡು ಬಾಗಿಲು. ಒಂದನ್ನು ಹಾಕಿಯೇ ಇನ್ನೊಂದನ್ನು ತೆಗೆಯಬೇಕು. ಕೆಲವು ವಾರ ಅವನು ನಿಯಮ ತಪ್ಪಲಿಲ್ಲ. ಒಂದು ಬೆಳಿಗ್ಗೆ ಬಾಳೆಗೆ ಮಂಗಗಳ ಹಿಂಡು ನುಗ್ಗಿತು. ಆಸೆ ತಡೆಯದೆ ಎರಡೂ ಬಾಗಿಲನ್ನು ತೆಗೆದು “ಹಿಡಿ, ಹಿಡಿ!” ಎಂದ. ಭೀಮ ಮಂಗಗಳ ಕಡೆ ತಿರುಗಿಯೂ ನೋಡದೆ ರಸ್ತೆಗೆ ಇಳಿಯಿತು.

ನಾನು ಸವಿತಾಳ ಕೊಟ್ಟಿಗೆಯಲ್ಲಿ ಹಸುವಿನ ಗರ್ಭ ಪರೀಕ್ಷೆ ಮಾಡುತ್ತಿದ್ದೆ. ಕೃಷ್ಣಪ್ಪನ ಬೊಬ್ಬೆ ಕೇಳಿ, ಭುಜದವರೆಗೆ ಗ್ಲೌಸು ಇದ್ದ ಹಾಗೆಯೇ ಹೊರಗೆ ಓಡಿದೆ. ರಸ್ತೆಯ ನಡುವೆ ಸಿಂಚನಾ, ಅವಳ ಎದುರಿಗೆ ಭೀಮ. ಅಣ್ಣನ ಕೆನ್ನೆ ಹರಿದ ಬಾಯಿಗೂ ಈ ಮಗುವಿಗೂ ನಡುವೆ ಹಾಲಿನ ಕ್ಯಾನೊಂದೇ ಇತ್ತು. ನಾನು ಓದಿದ್ದು, ಕಂಡುಹಿಡಿದದ್ದು, ಫೋನು ಮಾಡಿ ಹೇಳಿದ್ದು ಒಂದೂ ನೆನಪಾಗಲಿಲ್ಲ. ಬಾಯಿಂದ “ಹಚಾ!” ಬಂತು, ಸೊಂಟ ತಾನಾಗಿಯೇ ಕಲ್ಲಿಗೆ ಬಗ್ಗಿತು. ಭೀಮ ಕತ್ತು ತಿರುಗಿಸಿ ನನ್ನ ಮುಖ ನೋಡಿತು.

ಸಿಂಚನಾ ಅಲ್ಲಾಡಲಿಲ್ಲ. ಕಾಲು ಜೋಡಿಸಿ, ದೃಷ್ಟಿಯನ್ನು ನೆಲಕ್ಕೆ ಹಾಕಿ, ತುಟಿಯನ್ನಷ್ಟೇ ಆಡಿಸಿ ಮೆಲ್ಲಗೆ ಹೇಳಿದಳು:

“ಬಗ್ಬೇಡಿ ಮೇಡಮ್. ಸಾಗರದ ಡಾಕ್ಟ್ರು ಹೇಳಿದಾರೆ.”

ನಾನು ನಿಧಾನವಾಗಿ ನೆಟ್ಟಗಾದೆ. ಗ್ಲೌಸಿನಿಂದ ಸಗಣಿ ತೊಟ್ಟಿಕ್ಕುತ್ತಿತ್ತು. ಹುಡುಗಿಯೂ ನಾನೂ ಪ್ರಾರ್ಥನೆಗೆ ನಿಂತವರ ಹಾಗೆ ನಿಂತೆವು. ಭೀಮ ನನ್ನನ್ನು ಬಿಟ್ಟು ಕ್ಯಾನಿನ ಮುಚ್ಚಳ ಮೂಸಿತು, ಅವಳ ಲಂಗ ಮೂಸಿತು, ಬೇಜಾರಾದಂತೆ ಬದಿಗೆ ಸರಿಯಿತು. ಅಷ್ಟರಲ್ಲಿ ಕೃಷ್ಣಪ್ಪ ಬಂದು ಅದರ ಕುತ್ತಿಗೆಯ ಪಟ್ಟಿ ಹಿಡಿದುಕೊಂಡ. ಆಮೇಲೆ ಸಿಂಚನಾ ಅತ್ತಳು. ನಾನೂ ಅತ್ತೆ.

ಭೀಮ ಈಗ ಸಾಗರದಲ್ಲಿದೆ. ಕೃಷ್ಣಪ್ಪ ಕೈಮುಗಿದು ಬಿಟ್ಟುಕೊಟ್ಟ, ಸುಹಾಸ್ ತಾನೇ ಇಟ್ಟುಕೊಂಡ. ಬಾಯಿಗೆ ಕುಕ್ಕೆ ಹಾಕಿಕೊಂಡು ನಡೆಯುವ ಅದರ ವಿಡಿಯೊಗಳೂ ಬರುತ್ತವೆ. ನಾನು ನೋಡುವುದಿಲ್ಲ ಎಂದರೆ ಸುಳ್ಳಾಗುತ್ತದೆ.

ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದು: ಮಗುವನ್ನು ಕಾಯುವ ಮಾತು ತಿಳಿದಿದ್ದರೆ ಸಾಲದು, ಮಗು ಯಾರ ಮಾತು ಕೇಳುತ್ತದೋ ಅವರ ಬಾಯಿಗೆ ಅದನ್ನು ಮುಟ್ಟಿಸಬೇಕು; ಮುಟ್ಟಿಸುವಾಗ ಹೊಟ್ಟೆ ಉರಿದರೆ ಉರಿಯಲಿ. ಉರಿ ಆರುತ್ತದೆ ಎಂದು ಮಾತ್ರ ನಾನು ಬರೆಯಲಾರೆ.

ರಸ್ತೆಯಲ್ಲಿ ಅದು ನಡೆದ ವಾರವೇ ಸವಿತಾ ಆಸ್ಪತ್ರೆಗೆ ಬಂದು ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮೇಜಿನ ಮೇಲಿಟ್ಟಳು. ನನ್ನ ಮನಸ್ಸು ಅರಳಿತು.

“ನೀವು ಸಾಗರಕ್ಕೆ ಹೋಗ್ತಾ ಇರ್ತೀರಲ್ಲ ಮೇಡಮ್ರೆ, ಇದನ್ನ ಆ ಡಾಕ್ಟ್ರಿಗೆ ಕೊಟ್ಬಿಡಿ. ನನ್ನ ಮಗಳ ಮುಖ ಉಳಿಸಿದ ಪುಣ್ಯಾತ್ಮರು.”

ಕೊಟ್ಟೆ. ಕೊಡುವ ಮುಂಚೆ ಮನೆಗೆ ಒಯ್ದು, ಅರ್ಧವನ್ನು ನನ್ನ ಭರಣಿಗೆ ಸುರಿದುಕೊಂಡೆ.