ಗರಡಿ ಗೋಡೆಯ ರುಮಾಲು

ಚಿತ್ರದುರ್ಗದ ಒಂದು ಗರಡಿಮನೆಯಲ್ಲಿ, ಹನುಮಂತನ ಗೂಡಿನ ಪಕ್ಕದ ಗೋಡೆಗೆ ಸಾಲಾಗಿ ಗೂಟ ಹೊಡೆದಿದ್ದರು. ಹೆಸರಾಂತ ಪೈಲ್ವಾನರು ತೀರಿಕೊಂಡ ಮೇಲೆ ಅವರು ಗೆದ್ದ ಬೆಳ್ಳಿ ಕಡಗವನ್ನೋ ಗದೆಯನ್ನೋ ರುಮಾಲನ್ನೋ ಅಲ್ಲಿ ತೂಗುಹಾಕುವುದು ವಾಡಿಕೆ. ಯಾರದು ಏರಬೇಕು, ಯಾರದು ಬೇಡ ಎನ್ನುವುದು ಗರಡಿಯ ಗುರುಗಳಾದ ವಸ್ತಾದರ ಮಾತು. ದೊಡ್ಡ ಮನೆತನದವರು ಕೇಳಿಕೊಂಡರೂ ಅವರು ಸುಮ್ಮನೆ ಒಪ್ಪುತ್ತಿರಲಿಲ್ಲ.

ನಾನು ಹೊಳಲ್ಕೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಕುಸ್ತಿ ಆಡಿದವನಲ್ಲ, ನೋಡಿದವನು. ಸಂತೆಗಳಿಗೆ ಬಟ್ಟೆ ಒಯ್ಯುವಾಗ ಊರೂರಿನಲ್ಲಿ ವಿಚಾರಿಸಿ ಇಂಥ ವಸ್ತುಗಳನ್ನು ತಂದು ವಸ್ತಾದರಿಗೆ ಒಪ್ಪಿಸುವುದನ್ನು ನಾನೇ ಮೈಮೇಲೆ ಹಾಕಿಕೊಂಡಿದ್ದೆ. ಆ ಹುಚ್ಚು ನನ್ನನ್ನು ಎಲ್ಲಿಗೆ ಒಯ್ಯಿತು ಎಂದು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಅದು ಪ್ಲೇಗಿನ ಕಾಲ. ಹೊಸದುರ್ಗದ ಕಡೆಯ ಒಬ್ಬ ಪೈಲ್ವಾನ ಜ್ವರದಲ್ಲಿ ಹೋದನೆಂದು ಸುದ್ದಿ ಬಂತು. ಹಿರಿಯೂರಿನಲ್ಲಿ ಅವನು ತನಗಿಂತ ಒಂದು ಗೇಣು ಎತ್ತರದವನನ್ನು ಚಿತ್ ಮಾಡಿ, ಬಿದ್ದವನನ್ನು ತಾನೇ ಕೈಹಿಡಿದು ಎಬ್ಬಿಸಿ ಬೆನ್ನಿನ ಮಣ್ಣು ಒರೆಸಿದ್ದನ್ನು ನಾನು ಕಂಡಿದ್ದೆ. ಅಂದು ಅವನಿಗೆ ಜರಿಯ ರುಮಾಲು ಸುತ್ತಿದ್ದರು. ಆ ರುಮಾಲು ಗೋಡೆಗೆ ಏರಬೇಕೆಂದು ನನ್ನ ಆಸೆ.

ಹೋಗಿ ನೋಡಿದರೆ ಊರು ಖಾಲಿ. ಬಾಗಿಲುಗಳಿಗೆ ಮುಳ್ಳುಕಂಟಿ ಬಡಿದಿದ್ದರು. ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಗಾಡಿಯವನು ಎತ್ತು ನಿಲ್ಲಿಸಿದ.

“ಮುಂದಕ್ಕೆ ಬ್ಯಾಡ್ರಿ ಸಾವ್ಕಾರ್ರೆ, ಇಲಿ ಸತ್ತು ಬಿದ್ದಿರೋ ಊರಿದು.”

ನಾನು ಇಳಿದು ನಡೆದೆ. ಪೈಲ್ವಾನನ ಹೆಂಡತಿ ಗುಡಿಸಲ ಮುಂದೆ ಕುಳಿತಿದ್ದಳು. ಬಂದ ಕಾರಣ ಹೇಳಿದೆ. ಅವಳು ಹುಲ್ಲಿನ ಬಣವೆಗೆ ಕೈಹಾಕಿ ರುಮಾಲನ್ನು ಎಳೆದು ತಂದಳು.

“ಯಾವ ಜ್ವರ ಬಂದಿತ್ತವ್ವ?”

“ಕಂಕುಳಾಗೆ ಗಡ್ಡೆ ಎದ್ದಿತ್ತು. ಮೂರೇ ದಿನ. ಸರ್ಕಾರದೋರು ಬಟ್ಟೆಬರೆ ಎಲ್ಲ ಸುಡ್ರಿ ಅಂದ್ರು, ಸುಟ್ಟೆ. ಇದನ್ನ ಮಾತ್ರ ಬಚ್ಚಿಟ್ಟೆ. ಕಡೇ ದಿನ ನಮ್ಮೋರು ಇದನ್ನ ತಲೆಗೆ ಸುತ್ತು ಅಂದಿದ್ರು, ಸುತ್ತಿದ್ದೆ. ನಿಮಗೆ ಬ್ಯಾಡ ಅನಿಸಿದ್ರೆ ಬಿಟ್ಟು ಹೋಗ್ರಿ. ನಂಗೇನೂ ಬ್ಯಾಸರ ಇಲ್ಲ.”

ಮುಟ್ಟಲು ಹೆದರಿಕೆ, ಬೇಡವೆನ್ನಲು ನಾಚಿಕೆ. ಮಗ್ಗದ ಹೊಸ ಬಟ್ಟೆಯಲ್ಲಿ ಸುತ್ತಿಕೊಂಡು ತಂದೆ.

ದುರ್ಗದಲ್ಲೂ ಜನ ಊರು ಬಿಟ್ಟಿದ್ದರಿಂದ ಗರಡಿ ಮುಚ್ಚಿತ್ತು. ಗಂಟನ್ನು ನಮ್ಮ ಮನೆಯ ಅಟ್ಟದ ಮೇಲೆ ಇಟ್ಟೆ. ಹೆಂಡತಿಗೆ ಹೇಳಲಿಲ್ಲ. ಬೂದಿ ಹಾಕಿ ಮೂರು ಸಲ ಕೈ ತೊಳೆದೆ. ಅಟ್ಟದಲ್ಲಿ ಏನಾದರೂ ಸರಿದಾಡಿದರೆ ಊಟದ ತಟ್ಟೆಯ ಮುಂದೆ ಕೈ ನಿಲ್ಲುತ್ತಿತ್ತು. ಇಲಿ ಓಡಾಡಿದರೂ ಭಯ, ಸದ್ದು ನಿಂತರೆ ಸತ್ತಿತೇನೋ ಎಂದು ಇನ್ನೂ ಭಯ.

ಆರನೆಯ ದಿನ ಮಧ್ಯಾಹ್ನ ನಮ್ಮ ನಾಲ್ಕು ವರ್ಷದ ಮಗಳ ಮೈ ಕಾದಿತ್ತು. ನಾನು ಅವಳ ಕಂಕುಳು, ತೊಡೆಯ ಸಂದು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಹೆಂಡತಿ ಬಂದು ನಿಂತದ್ದೂ ತಿಳಿಯಲಿಲ್ಲ.

“ಏನು ಹುಡುಕ್ತಿದೀರಿ?”

ಎಲ್ಲ ಹೇಳಿದೆ. ಅವಳು ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು.

“ಮೊದ್ಲು ಅದನ್ನ ಮನೆಯಿಂದ ತಗೀರಿ. ಬೈಯೋದು ಆಮೇಲೆ ಐತೆ.”

ಊರಾಚೆಯ ಹಾಳು ಹೊಲದಲ್ಲಿ ಅದನ್ನು ಸುಟ್ಟೆ. ಬಟ್ಟೆ ಬೂದಿಯಾಯಿತು. ಜರಿಯ ಬೆಳ್ಳಿ ಮಾತ್ರ ಕರಗಿ ನೆಲ್ಲಿಕಾಯಿ ಗಾತ್ರದ ಗಟ್ಟಿಯಾಗಿ ಉಳಿಯಿತು. ಅದನ್ನು ಕುದಿನೀರಿಗೆ ಹಾಕಿ ತೆಗೆದೆ. ಆಮೇಲೆ ಮೂರು ದಿನ ನಾನು ದನದ ಕೊಟ್ಟಿಗೆಯಲ್ಲೇ ಇದ್ದೆ. ಬಾಗಿಲಾಚೆಯಿಂದ “ಗಡ್ಡೆ ಐತಾ?” ಎಂದು ಕೇಳುತ್ತಿದ್ದೆ. “ಇನ್ನೂ ಇಲ್ಲ” ಎನ್ನುತ್ತಿದ್ದಳು ಹೆಂಡತಿ. ಆ ‘ಇನ್ನೂ’ ಎಂಬ ಮಾತು ಕೇಳಿ ಗಳಿಗೆಗೊಮ್ಮೆ ಮತ್ತೆ ಬಾಗಿಲಿಗೆ ಬರುತ್ತಿದ್ದೆ. ಔಷಧಿ ಕೊಡುವ ಪಂಡಿತರನ್ನು ಕರೆಸಲೂ ಹೆದರಿಕೆ. ಸುದ್ದಿ ಹೊರಬಿದ್ದರೆ ಅಕ್ಕಪಕ್ಕದವರೆಲ್ಲ ನನ್ನಿಂದಾಗಿ ಮನೆ ಬಿಡಬೇಕಾಗುತ್ತಿತ್ತು. ಹಾಗೆ ಮುಚ್ಚಿಟ್ಟದ್ದು ತಪ್ಪೆಂದು ಆಗಲೂ ಗೊತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಹೆಂಡತಿಯೇ ಕೂಗಿ ಕರೆದಳು. ಮಗುವಿನ ಕಿವಿಯ ಹಿಂದೆ, ಕೆನ್ನೆಯ ಮೇಲೆ ಕೆಂಪು ಗಂದೆ ಎದ್ದಿದ್ದವು. ದಡಾರ. ಬೇರೆ ದಿನವಾಗಿದ್ದರೆ ಅದಕ್ಕೇ ನಡುಗುತ್ತಿದ್ದೆವು. ಅಂದು ಇಬ್ಬರೂ ಹೊಸ್ತಿಲಲ್ಲಿ ಕುಳಿತು ಅತ್ತೆವು. ಮಗಳು ವಾರದಲ್ಲಿ ಎದ್ದು ಓಡಾಡಿದಳು. ಹೆಂಡತಿ ಬಾಕಿ ಉಳಿಸಿದ್ದ ಬೈಗುಳವನ್ನು ಆಮೇಲೆ ಪೂರ್ತಿ ಬೈದಳು.

ಜನ ದುರ್ಗಕ್ಕೆ ಮರಳಿ ಗರಡಿ ತೆರೆದ ಮೇಲೆ ವಸ್ತಾದರ ಮುಂದೆ ಆ ಬೆಳ್ಳಿಯ ಗಟ್ಟಿಯನ್ನಿಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಅದನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಒಂದು ಗೂಟಕ್ಕೆ ತೂಗುಹಾಕಿದರು.

ಬೇಸಿಗೆಯಲ್ಲಿ ಪೈಲ್ವಾನನ ಹೆಂಡತಿ ರುಮಾಲು ನೋಡಲು ದುರ್ಗಕ್ಕೆ ಬರುತ್ತೇನೆಂದು ಹೇಳಿಕಳಿಸಿದಳು. ಏನೆಂದು ಮುಖ ತೋರಿಸಲಿ ಎಂಬ ಅಂಜಿಕೆಯಲ್ಲೇ ಹೋದೆ. ಹೆಂಗಸರು ಗರಡಿಯೊಳಗೆ ಬರುವಂತಿಲ್ಲ. ಅವಳು ಹೊರಗೆ ನಿಂತಿದ್ದಳು. ನನ್ನನ್ನು ಕಂಡವಳೇ ಕೇಳಿದಳು:

“ಮನ್ಯಾಗೆ ಎಲ್ರೂ ಸುಖವಾಗಿದಾರಾ?”

“ಇದ್ದಾರವ್ವ.”

“ನಿಮ್ಮ ಕೈಗೆ ಕೊಟ್ಟು ಕಳಿಸಿದ ಮ್ಯಾಲೆ ನಂಗೆ ಅನ್ನ ಸೇರಲಿಲ್ಲ. ಯಾರೇ ಬಂದ್ರೂ ಹೊಳಲ್ಕೆರೆ ಸುದ್ದಿ ಕೇಳ್ತಿದ್ದೆ.”

ಸುಟ್ಟೆನೆಂದು ಹೇಳಿದೆ. ವಸ್ತಾದರು ಗಂಟು ಬಿಚ್ಚಿ ಬೆಳ್ಳಿಯನ್ನು ತಂದು ಅವಳ ಅಂಗೈಯಲ್ಲಿಟ್ಟರು. ಅವಳು ಅಳಲಿಲ್ಲ. ಹೆಬ್ಬೆರಳಿನಿಂದ ಒಂದು ಸಲ ಸವರಿದಳು.

“ಒಳ್ಳೇದೇ ಮಾಡಿದ್ರಿ,” ಎಂದು ವಸ್ತಾದರಿಗೆ ಹಿಂದಕ್ಕೆ ಕೊಟ್ಟಳು. “ಮ್ಯಾಲೆ ಹಾಕ್ರಿ.”