ಟೈಲರಮ್ಮನ ಹೊಲಿಗೆ, ಗುಬ್ಬಿಯ ಲ್ಯಾಪ್‌ಟಾಪು

ಟೈಲರಮ್ಮನ ಹೊಲಿಗೆಯಲ್ಲಿ ತಪ್ಪು ಹುಡುಕಿ ಗೆದ್ದು ಬಂದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಬ್ಲೌಸು ಬಿಗಿ ಅಂದರೆ, "ತಿಂಗಳಲ್ಲಿ ನೀವು ಎಷ್ಟು ದಪ್ಪ ಆಗಿದ್ದೀರಿ ನೋಡ್ಕೊಳ್ಳಿ" ಎನ್ನುವಳು. ಸಡಿಲ ಅಂದರೆ, "ಸರಿಯಾಗಿ ಊಟ ಮಾಡ್ರೀ" ಎಂದು ಗದರುವಳು. ಮಗಳು ಗುಬ್ಬಿಗೆ ಇದನ್ನೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಆ ಗುಬ್ಬಿ ಕಾಲೇಜಿಗೆ ಸೇರಿ ಮನೆಗಳ ನಕ್ಷೆ ಎಳೆಯುವ ವಿದ್ಯೆ ಕಲಿಯತೊಡಗಿದಳು. ಲ್ಯಾಪ್‌ಟಾಪ್ ಬೇಕೇಬೇಕಾಯಿತು. ಅಂಗಡಿಗೆ ತಾಯಿ, ಮಗಳ ಜೊತೆ ಟೈಲರಮ್ಮನ ತಮ್ಮ, ಗುಬ್ಬಿಯ ಮಾವನೂ ಹೊರಟ. ಯಾರ ಮನೆಗೆ ಏನು ಕೊಳ್ಳುವುದಿದ್ದರೂ ಸಲಹೆ ಕೊಡದಿದ್ದರೆ ಈ ಮನುಷ್ಯನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

ಮೇಜಿನ ಮೇಲೆ ಎರಡಿದ್ದವು. ಒಂದು ತೆಳ್ಳಗೆ, ಹಗುರ. ಇನ್ನೊಂದು ದಪ್ಪ, ಕಪ್ಪು, ಆಟ ಆಡುವವರಿಗೆಂದೇ ಮಾಡಿದ್ದು. ಗುಬ್ಬಿಯ ಕಣ್ಣು ಕಪ್ಪಿನ ಮೇಲೇ ನೆಟ್ಟಿತ್ತು.

"ಓದೋ ಹುಡುಗಿಗೆ ಆಟದ ಮೆಷಿನ್ ಯಾಕಕ್ಕಾ? ತೆಳ್ಳಗಿರೋದು ಸಾಕು," ಅಂದ ಮಾವ.

"ನಕ್ಷೆ ಎಳೆಯೋದಕ್ಕೂ ಇಂಥದ್ದೇ ಬೇಕು ಮಾವ. ತೆಳ್ಳಗಿರೋದು ತಡವರಿಸುತ್ತೆ."

ಟೈಲರಮ್ಮ ಮಗಳ ಮುಖವನ್ನೇ ನೋಡಿದಳು. "ನಿಜ ಹೇಳು. ಪಾಠಕ್ಕೋ, ಆಟಕ್ಕೋ?"

ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು. ಗುಬ್ಬಿ ಅದನ್ನು ನುಂಗಿಕೊಂಡಳು. "ಎರಡಕ್ಕೂ ಅಮ್ಮಾ."

"ಸರಿ. ಎರಡಕ್ಕೂ ಆಗೋದನ್ನೇ ಕೊಡಪ್ಪಾ," ಎಂದಳು ತಾಯಿ ಅಂಗಡಿಯವನಿಗೆ.

ಮಾವನ ಮುಖ ಗಂಟಿಕ್ಕಿತು. "ನೋಡ್ತಾ ಇರಿ. ಆಟ ಆಡಿ ಆಡಿ, ಬೇಕಾದ ಹೊತ್ತಿಗೆ ಇದು ಕೈಕೊಡುತ್ತೆ."

ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ಕೋಣೆ. ಹೊಲಿಗೆ ಯಂತ್ರವೂ ಅಲ್ಲೇ, ಗುಬ್ಬಿಯ ಓದೂ ಅಲ್ಲೇ. ಗಾಳಿ ಬೀಸಿದರೆ ಸಾಕು, ನೂಲಿನ ಎಳೆಗಳು ಹಾರಾಡುತ್ತಿದ್ದವು. ಟೈಲರಮ್ಮ ಲ್ಯಾಪ್‌ಟಾಪಿಗೆ ಅಳತೆ ತೆಗೆದು ಒಂದು ಅಂಗಿ ಹೊಲಿದಳು. ಗುಬ್ಬಿ ಹೇಳಿದಂತೆ, ಅಡಿಭಾಗದ ತೂತುಗಳಿಗೆ ಗಾಳಿಯಾಡಲೆಂದು ಅಲ್ಲಿ ನೆಟ್ ಬಟ್ಟೆ ಕೊಟ್ಟಳು. ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಗುಬ್ಬಿ ಅದನ್ನು ಬಿಚ್ಚುತ್ತಲೇ ಇರಲಿಲ್ಲ. ಮೊದಮೊದಲು ಎಲ್ಲ ಸರಾಗವಾಗಿತ್ತು. ಹಗಲು ನಕ್ಷೆ, ಸಂಜೆ ಒಂದಿಷ್ಟು ಆಟ.

ಆಮೇಲೆ ಲ್ಯಾಪ್‌ಟಾಪು ನಡುನಡುವೆ ತಾನಾಗಿಯೇ ಆರಿಹೋಗತೊಡಗಿತು. ಗುಬ್ಬಿ ಹೆದರಿ ಆಟ ಬಿಟ್ಟಳು, ಆದರೂ ಆರಿತು. ಯಾರಿಗೂ ಹೇಳಲಿಲ್ಲ. ಮಾವ ಹೇಳಿದ್ದೇ ನಿಜವಾದರೆ ಅವಳ ಮರ್ಯಾದೆಗಿಂತ ಮೊದಲು ಹೋಗುವುದು ಅವಳ ಪರ ನಿಂತ ಅಮ್ಮನ ಮರ್ಯಾದೆ.

ಒಂದು ದಿನ ಹೀಗಾಯಿತು: ಮರುದಿನವೇ ಕಾಲೇಜಿನಲ್ಲಿ ವರ್ಷದ ಕೊನೆಯ ನಕ್ಷೆ ತೋರಿಸಬೇಕಿತ್ತು. ಮಹಡಿಯ ಮೆಟ್ಟಿಲು ಎಳೆಯುತ್ತಿದ್ದಾಗ ಪರದೆ ಕಪ್ಪಾಯಿತು. ಈ ಸಲ ಎಷ್ಟು ಒತ್ತಿದರೂ ಏಳಲಿಲ್ಲ. ಹೊಲಿಯಲು ಕೊಟ್ಟ ಪ್ಯಾಂಟು ಒಯ್ಯಲು ಬಂದಿದ್ದ ಮಾವ ಬಾಗಿಲಲ್ಲೇ ನಿಂತಿದ್ದ.

"ನಾನು ಹೇಳಿರಲಿಲ್ವಾ ಅಕ್ಕಾ?"

ಗುಬ್ಬಿ ಅತ್ತೇಬಿಟ್ಟಳು. "ಆಟ ಆಡಿ ಆಡಿ ನಾನೇ ಕೆಡಿಸ್ಬಿಟ್ಟೆ ಅಮ್ಮಾ. ನಕ್ಷೆನೂ ಹೋಯ್ತು."

ಟೈಲರಮ್ಮ ಎದ್ದು ಬಂದು ಅದರ ಮೇಲೆ ಕೈಯಿಟ್ಟು, ಚುರುಕ್ಕನೆ ಹಿಂದಕ್ಕೆಳೆದಳು. "ಅಯ್ಯೋ, ಇಸ್ತ್ರಿಪೆಟ್ಟಿ ಆಗಿದೆಯಲ್ಲೇ!" ಎಂದವಳ ಮುಖ ಒಮ್ಮೆಲೇ ಬದಲಾಯಿತು. ಅಂಗಿಯನ್ನು ಬಿಚ್ಚಿ ಒಳಮಗ್ಗುಲು ತಿರುಗಿಸಿದಳು. ನೆಟ್ ಬಟ್ಟೆಯ ಹಿಂದೆ, ಹೊರಗಿನಿಂದ ಕಾಣದ ಹಾಗೆ, ಗಾಳಿ ನುಸುಳದಷ್ಟು ಒತ್ತಾದ ಕಪ್ಪು ಲೈನಿಂಗ್ ಬಟ್ಟೆ ಇತ್ತು.

"ಇದ್ಯಾವಾಗ ಹಾಕಿದೆ ಅಮ್ಮಾ?" ಎಂದಳು ಗುಬ್ಬಿ ಕಣ್ಣೊರೆಸಿಕೊಳ್ಳುತ್ತಾ.

ಮಾವ ನೋಡುತ್ತಿದ್ದ. ಅಮ್ಮ ಈಗ ಏನು ಹೇಳಿ ಜಾರಿಕೊಳ್ಳುತ್ತಾಳೆಂದು ಗುಬ್ಬಿಯೂ ಕಾದಳು.

"ನೀನು ಕಾಲೇಜಿಗೆ ಹೋದಾಗ. ನೂಲು ಒಳಗೆ ಹೋಗ್ತಿತ್ತು, ಅದಕ್ಕೆ," ಎಂದು ಟೈಲರಮ್ಮ ತಮ್ಮನ ಕಡೆ ತಿರುಗಿದಳು. "ಹುಡುಗಿದೂ ತಪ್ಪಿಲ್ಲ, ಮೆಷಿನ್ನಿದೂ ತಪ್ಪಿಲ್ಲ ಕಣೋ. ಕೆಟ್ಟಿರೋದು ನನ್ನ ಹೊಲಿಗೆ."

ಆ ಕೋಣೆಯಲ್ಲಿ ಅಂಥ ಮಾತು ಹುಟ್ಟಿದ್ದೇ ಅವತ್ತು. ಗುಬ್ಬಿಗೆ ಮತ್ತೆ ಅಳು ಬಂತು, ಈ ಸಲದ್ದು ಬೇರೆ ಅಳು.

ಲ್ಯಾಪ್‌ಟಾಪನ್ನು ಕಿಟಕಿಯ ಬಳಿ ಆರಲು ಬಿಟ್ಟು ಮೂವರೂ ಅದರ ಸುತ್ತ ಕೂತರು. ತಣ್ಣಗಾದ ಮೇಲೆ ಗುಬ್ಬಿ ಉಸಿರು ಬಿಗಿಹಿಡಿದು ಒತ್ತಿದಳು. ಪರದೆ ಬೆಳಗಿತು. ಮನೆ ಬಂತು, ಮಹಡಿ ಬಂತು. ಮೆಟ್ಟಿಲು ಮಾತ್ರ ಅರ್ಧ ಹೋಗಿತ್ತು, ಹೋದರೆ ಹೋಗಲಿ, ಊಟದ ಹೊತ್ತಿಗೆ ಮತ್ತೆ ಎಳೆದರಾಯಿತು. ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಗಿ ಗುಬ್ಬಿ ಜೋರಾಗಿ ನಕ್ಕಳು.

ಟೈಲರಮ್ಮ ಆಗಲೇ ಕತ್ತರಿಯ ತುದಿಯಿಂದ ಲೈನಿಂಗ್ ಬಿಚ್ಚುತ್ತಿದ್ದಳು. ಮಾವ ಬಚ್ಚಲಿಗೆ ಹೋಗಿ ಹೊಸ ಪ್ಯಾಂಟು ತೊಟ್ಟು ಬಂದ. ಸೊಂಟದ ಗುಂಡಿ ಹಾಕಲು ಹೆಣಗಾಡುತ್ತಾ, ಒಳ್ಳೆ ಸಮಯ ಸಿಕ್ಕಿತೆಂದುಕೊಂಡು ಕೇಳಿದ:

"ಅಕ್ಕಾ, ಇದೂ ಬಿಗಿ. ಇಲ್ಲೂ ನಿನ್ನ ಹೊಲಿಗೇನೇ ಕೆಟ್ಟಿರಬಹುದಲ್ವಾ?"

ಟೈಲರಮ್ಮ ತಲೆ ಎತ್ತಲಿಲ್ಲ.

"ಅದು ಮಾತ್ರ ನಿನ್ನ ಹೊಟ್ಟೆ," ಎಂದಳು.