ಬೈಯಿಸಿಕೊಳ್ಳುತ್ತಿದ್ದ ಕಾಕಾ

ಪಕ್ಕದ ಮನೆಯ ಕಾಕಾ ಅವರ ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚೊಂದಿತ್ತು. ನೀಲಿ ಕೇಬಲ್ಲಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಆದದ್ದು. ನಗರದಂಚಿನ ಉಪ್ಪಲ್‌ನಲ್ಲಿ ಐಟಿ ಕಟ್ಟಡಗಳು ಏಳುತ್ತಿದ್ದ ಕಾಲ. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಬೀದರ್ ಕಡೆಯ ಈ ಮನುಷ್ಯ ಒಂದೇ ಇಂಟರ್ನೆಟ್ ಲೈನು ತರಿಸಿ, ಮಾಳಿಗೆಯಿಂದ ಮಾಳಿಗೆಗೆ ಕೇಬಲ್ ಎಳೆದು ಇಡೀ ಕಾಲನಿಗೆ ಹಂಚಿದ್ದರು.

ಆ ಲೈನಿನಲ್ಲಿ ಯಾವ ಸೈಟು ತಡೆಯಬೇಕು, ಯಾವುದು ಬಿಡಬೇಕು ಎಂಬುದೆಲ್ಲ ಪ್ರತಿ ಭಾನುವಾರ ಅವರ ಮಾಳಿಗೆಯ ಮೇಲೆ, ಎಲ್ಲರೆದುರು ಕೈಯೆತ್ತಿ ತೀರ್ಮಾನವಾಗಬೇಕು. ಪರೀಕ್ಷೆ ಬಂತೆಂದು ಎದುರುಮನೆಯವರು ಆಟದ ಸೈಟುಗಳನ್ನೆಲ್ಲ ಮುಚ್ಚಿಸಲು ಹೊರಟಾಗ ಕಾಕಾ, "ನಿಮ್ಮ ಮಗನ್ನ ನೀವು ಬೈರಿ ಸಾಹೇಬ್ರ, ಮಂದಿ ಕಣ್ಣು ಯಾಕ ಕಟ್ಟತೀರಿ?" ಎಂದಿದ್ದರು. ಮುಚ್ಚಿಸುವುದರ ಪರ ಒಂದು ಕೈಯೂ ಏಳಲಿಲ್ಲ.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆಲ್ಲುತ್ತಿದ್ದವಳು. "ನಿಮ್ಮ ಸ್ವರಾಜ್ಯ ಎಲ್ಲಾ ಸುಳ್ಳರಿ ಕಾಕಾ. ಮೂಲ ಲೈನ್ ಕಂಪನಿಯವರದು. ಅವರು ಬಂದ್ ಮಾಡಿದ್ರ ಮುಗೀತು," ಎಂದು ಕೆಣಕುತ್ತಿದ್ದೆ.

"ಬಂದ್ಲು ನೋಡ್ರಿ ವಕೀಲವ್ವ! ಲೈನ್ ಅವರದ ಐತಿ, ಒಪ್ಪಿದೆ. ಆದ್ರ ಕೆಟ್ಟಾಗ ಬೈಸ್ಕೊಳ್ಳಾಕ ಇಲ್ಲಿ ನಾ ಅದೀನಿ. ಅಲ್ಲಿ ಯಾರದಾರ?"

ಇದು ವಾದವಲ್ಲ, ಮೊಂಡುತನ ಎಂದುಕೊಂಡೆ.

ಆಮೇಲೆ ಬೇರೊಂದು ದೊಡ್ಡ ಕಂಪನಿ ಮನೆಮನೆಗೂ ವೇಗದ ಕನೆಕ್ಷನ್ ಕೊಡುತ್ತೇನೆಂದು ಬಂತು. ಆ ಭಾನುವಾರ ಮೊದಲ ಸಲ ನಾನು ಕಾಕಾ ಪರ ಮಾತಾಡಿದೆ. ನಾಳೆ ಅವರು ಏನನ್ನೇ ಮುಚ್ಚಲಿ, ಕಾರಣ ಕೇಳಲು ಇಂಥದೊಂದು ಮಾಳಿಗೆ ಇರುವುದಿಲ್ಲ ಎಂದೆ. ಜೋರು ಚಪ್ಪಾಳೆ ಬಿತ್ತು. ಕೈಯೆತ್ತುವ ಹೊತ್ತಿಗೆ ನಮ್ಮಪ್ಪನ ಕೈಯೂ ಕಂಪನಿಯ ಕಡೆಗೇ ಎದ್ದಿತು.

ಎಲ್ಲರೂ ಇಳಿದು ಹೋದ ಮೇಲೆ, "ನಮ್ಮಿಬ್ಬರ ಮನಿಗಾದ್ರೂ ಇರಲಿ ಕಾಕಾ," ಎಂದೆ.

"ಮಂದಿ ಬ್ಯಾಡ ಅಂದಮ್ಯಾಲೂ ನಾ ಇಟ್ಕೊಂಡ್ರ, ನನಗೂ ಆ ಕಂಪನಿಗೂ ಏನ್ ಫರಕ್ ಉಳೀತವ್ವಾ?" ಎಂದವರೇ ಕೇಬಲ್ಲನ್ನು ಮೊಣಕೈಗೆ ಸುತ್ತತೊಡಗಿದರು. ಎಷ್ಟು ಸುತ್ತಿದರೂ ಮುಗಿಯಲೊಲ್ಲದು. ನಾನು ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದೆ.

ಕಾಕಾ ಹೋದ ವರ್ಷ ತೀರಿಕೊಂಡರು. ಮೊನ್ನೆ ಇಡೀ ಪ್ರದೇಶದ ಇಂಟರ್ನೆಟ್ ನಿಂತಿತು. ಮೇಲಿನಿಂದ ಆದೇಶವಂತೆ. ಯಾರ ಆದೇಶ, ಯಾಕೆ, ಎಷ್ಟು ದಿನ, ಗೊತ್ತಿಲ್ಲ. ಫೋನು ಮಾಡಿದರೆ ರೆಕಾರ್ಡು ಮಾಡಿಟ್ಟ ದನಿಯೊಂದು ನನ್ನ ತಾಳ್ಮೆಗೆ ಧನ್ಯವಾದ ಹೇಳಿತು. ಹಳೆಯ ರೂಢಿ, ಕಾಕಾನ ಮಾಳಿಗೆ ಹತ್ತಿದೆ. ನಮ್ಮಪ್ಪ, ಎದುರುಮನೆಯ ಸಾಹೇಬರು ಆಗಲೇ ಬಂದು ನಿಂತಿದ್ದರು.

"ಈಗ ಯಾರನ್ನ ಬೈಯೂದವ್ವಾ?" ಎಂದರು ಅಪ್ಪ.

"ಅಲ್ಲಿ ಯಾರದಾರ?" ಎಂದು ಕಾಕಾ ಅಂದೇ ನನ್ನನ್ನು ಕೇಳಿದ್ದರು.